ಕ್ಲಚ್ಚಿನ ಮುಚ್ಚಳದ ಹೆಬ್ಬೆಟ್ಟು

ಇಚಲಕರಂಜಿಯ ನಮ್ಮ ಓಣಿಯಲ್ಲಿ ಮಗ್ಗಗಳು ಹಗಲು ರಾತ್ರಿ ಖಟಖಟ ಅನ್ನುತ್ತಲೇ ಇರುತ್ತವೆ. ಹೀಗಾಗಿ ಬೆಳಗಾಯಿತೆಂದು ತಿಳಿಯಲು ನಾನು ಬೇರೆ ಗುರುತು ಇಟ್ಟುಕೊಂಡಿದ್ದೇನೆ. ನೀರಿನ ಪಾಳಿ ಇದ್ದ ದಿನ ನಳ ಮೊದಲು ಕೆಮ್ಮುತ್ತದೆ, ಆಮೇಲೆ ಉಗುಳುತ್ತದೆ, ಆಮೇಲೆ ಒಂಚೂರು ಮರ್ಯಾದೆಯಿಂದ ಸುರಿಯತೊಡಗುತ್ತದೆ. ಆ ಮಂಗಳವಾರ ಪಾಳಿ ಇತ್ತು. ಬಕೀಟು, ಕೊಡ, ಹಂಡೆ, ಕೊನೆಗೆ ಚಹದ ಪಾತ್ರೆಯವರೆಗೂ ತುಂಬಿಸಿಟ್ಟು, ಹಾಲನ್ನು ಸಣ್ಣ ಉರಿಗೆ ಇಟ್ಟು, ಅತ್ತೆಯವರು ಬಸದಿಗೆ ಒಯ್ಯುವ ಡಬ್ಬಿಗೆ ಅಕ್ಕಿ ಹಾಕಿ ಮುಚ್ಚಿ, ಕಸಬರಿಗೆ ಹಿಡಿದು ಮುಂಬಾಗಿಲು ತೆಗೆದೆ. ಮೆಟ್ಟಿಲ ಪಕ್ಕದಲ್ಲಿ ನನ್ನ ಸ್ಕೂಟರ್ ನಿಂತಿತ್ತು. ಅದರ ಹೊಟ್ಟೆಯ ಕೆಳಗೆ, ರಾತ್ರಿ ಮಲಗುವ ಮುಂಚೆ ನಾನೇ ಒರೆಸಿ ಬಿಟ್ಟಿದ್ದ ಬಿಳಿ ಫರಶಿಯ ಮೇಲೆ, ಜೋಳದ ರೊಟ್ಟಿಯಷ್ಟು ಅಗಲದ ಕಪ್ಪು ಕಲೆ.

ಒಳಗೆ ಹಾಲು ಉಕ್ಕಿದ ವಾಸನೆ ಬಂತು. ಉಕ್ಕಿದರೆ ಉಕ್ಕಲಿ ಎಂದು ಅಲ್ಲೇ ಕುಕ್ಕರುಗಾಲಿನಲ್ಲಿ ಕೂತು ಬೆರಳು ಅದ್ದಿ ನೋಡಿದೆ. ಗೇರ್‌ಬಾಕ್ಸಿನ ಎಣ್ಣೆ. ನಾನು ಎಪಾಕ್ಸಿ ಗೋಂದು ಹಚ್ಚಿ ಕೂಡಿಸಿದ್ದ ಬಿರುಕು ಬಿಟ್ಟುಕೊಂಡಿತ್ತು.

ಎದುರು ಮನೆಯ ಶೋಭಾ ವೈನಿ ತಮ್ಮ ಕಟ್ಟೆಯ ಮೇಲೆ ಹಲ್ಲುಜ್ಜುತ್ತ ನಿಂತಿದ್ದರು. ಬಾಯ್ತುಂಬ ನೊರೆ ಇದ್ದರೂ ಅವರಿಗೆ ಮಾತಾಡಲು ಅಡ್ಡಿಯಾಗುವುದಿಲ್ಲ. ನಮ್ಮ ಓಣಿಯಲ್ಲಿ ಹೆಂಗಸರೆಲ್ಲ ಒಬ್ಬರಿಗೊಬ್ಬರು ವೈನಿ, ಎಂದರೆ ಅತ್ತಿಗೆ.

"ವೈನಿ, ಮತ್ತ ಸೋರಾಕತ್ತೈತೇನ್ರಿ?"

"ಹೌದ್ರಿ" ಎಂದೆ, ನಗುನಗುತ್ತ. ನಗುವ ಯಾವ ಕಾರಣವೂ ಇರಲಿಲ್ಲ.

ಈ ನಗುವಿನ ಬಗ್ಗೆ ಮೊದಲೇ ಹೇಳಿಬಿಡುತ್ತೇನೆ. ನನಗೆ ಸಿಟ್ಟು ಬಂದರೆ ಯಾರಿಗೂ ತಿಳಿಯುವುದಿಲ್ಲ ಎನ್ನುವುದೇ ನನ್ನ ಬದುಕಿನ ದೊಡ್ಡ ಸಿಟ್ಟು. ನಾನು ಕೊಲ್ಲಾಪುರದ ಕಾನ್ವೆಂಟಿನಲ್ಲಿ, ಹಾಸ್ಟೆಲಿನಲ್ಲಿದ್ದು ಓದಿದವಳು. ಅಲ್ಲಿ ಚಮಚ ಹಿಡಿಯುವುದು, ಬಾಗಿಲನ್ನು ಸದ್ದಾಗದಂತೆ ಹಾಕುವುದು, ಸೀನಿದ ಮೇಲೆ ಕ್ಷಮೆ ಕೇಳುವುದು ಎಲ್ಲವನ್ನೂ ಕಲಿಸಿದರು. ಬೈಯುವುದೊಂದನ್ನು ಕಲಿಸಲಿಲ್ಲ. ಸಿಟ್ಟು ಬಂದಾಗ ನಮ್ಮ ನಾದಿನಿಯರಂತೆ ಪಾತ್ರೆ ಕುಕ್ಕಲು ನನಗೆ ಕೈ ಬರುವುದಿಲ್ಲ. ತೊಳೆದ ಪಾತ್ರೆಯನ್ನೇ ಇನ್ನೊಮ್ಮೆ ತೊಳೆಯುತ್ತೇನೆ, ಬಾಗಿಲ ಮುಂದಿನ ಚಪ್ಪಲಿಗಳನ್ನು ಜೋಡಿ ಜೋಡಿಯಾಗಿ ಗೋಡೆಗೆ ಸರಿಯಾಗಿ ಇಡುತ್ತೇನೆ. ಮನೆ ತೀರ ಸ್ವಚ್ಛವಾಗಿ ಕಂಡ ದಿನ ನನ್ನ ಹತ್ತಿರ ಬರಬಾರದು ಎಂಬುದು ನಮ್ಮವರಿಗೆ ಇಷ್ಟು ವರ್ಷವಾದರೂ ಹೊಳೆದಿಲ್ಲ.

ಸ್ಕೂಟರಿನ ಕಥೆ ಇಷ್ಟು. ಅದು ಗಡಹಿಂಗ್ಲಜದ ನನ್ನ ತವರಿನದು. ಅಪ್ಪ ಅಲ್ಲಿ ಮೆಣಸಿನಕಾಯಿ ಕುಟ್ಟುವ ಡಂಕ ನಡೆಸುತ್ತಿದ್ದರು. ಕೆಂಪು ಮಸಿಯಂತೆ ಖಾರ ಕೂತಿರುವ ಗೋಡೆ, ಮೇಲೆದ್ದು ಕೆಳಗೆ ಬೀಳುವ ಕಬ್ಬಿಣದ ಒನಕೆಗಳು, ಅವನ್ನೆಲ್ಲ ಕುಣಿಸುವ ಒಂದು ಡೀಸೆಲ್ ಎಂಜಿನ್. ಸುಗ್ಗಿಯಲ್ಲಿ ಊರ ಹೆಂಗಸರೆಲ್ಲ ಮೂಗಿಗೆ ಸೆರಗು ಕಟ್ಟಿ ಪಾಳಿಯಲ್ಲಿ ಕೂತಿರುತ್ತಿದ್ದರು. ಸೀನಿದ್ದಕ್ಕೆಲ್ಲ ಕ್ಷಮೆ ಕೇಳಬೇಕೆಂದು ಹೇಳಿಕೊಟ್ಟ ಸಿಸ್ಟರುಗಳು ಒಂದು ಸಲವಾದರೂ ನಮ್ಮ ಡಂಕಕ್ಕೆ ಬಂದು ನೋಡಬೇಕಿತ್ತು! ಡಂಕ ಮುಚ್ಚಿದ ಮೇಲೆ ಖಾರದ ಚೀಲ ಹೊತ್ತು ತಿರುಗುತ್ತಿದ್ದ ಸ್ಕೂಟರ್ ನನಗೆ ಬಂತು. ಈಗಲೂ ಬಿಸಿಲಲ್ಲಿ ನಿಂತ ಗಾಡಿಯ ಡಿಕ್ಕಿ ತೆರೆದರೆ ಮೂಗು ಚುರುಚುರು ಅನ್ನುತ್ತದೆ. ಅದರ ಮೇಲೆ ನಾನು ಭಾಜಿ ಮಾರ್ಕೆಟ್ಟಿಗೆ ಹೋಗುತ್ತೇನೆ, ಗೆಳತಿಯ ಮನೆಗೆ ಹೋಗುತ್ತೇನೆ, ದಿನಾ ಬೆಳಿಗ್ಗೆ ಅತ್ತೆಯವರನ್ನು ಹಿಂದೆ ಕೂರಿಸಿಕೊಂಡು ಬಸದಿಗೆ ಹೋಗುತ್ತೇನೆ. ಅದು ಇರುವತನಕ ನಾನು ಯಾರನ್ನೂ "ರೀ, ಖಾಲಿ ಅದೀರೇನು, ನನ್ನ ಅಷ್ಟ ಬಿಟ್ಟು ಬರ್ತೀರೇನು?" ಎಂದು ಕೇಳಬೇಕಾಗಿಲ್ಲ.

ಎಂಜಿನ್ನಿನ ಪಕ್ಕಕ್ಕೆ, ಕ್ಲಚ್ಚಿನ ಮೇಲೆ, ಅಂಗೈಯಗಲದ ಒಂದು ಅಲ್ಯುಮಿನಿಯಂ ಮುಚ್ಚಳ ಇರುತ್ತದೆ. ಒಳಗಿನ ಗೇರೆಣ್ಣೆಯನ್ನು ಹಿಡಿದಿಡುವುದು ಅದೇ. ಹೋಳಿ ಹುಣ್ಣಿಮೆಯ ಸುಮಾರಿಗೆ ನಮ್ಮವರು ತಮ್ಮ ಮೋಟರ್‌ಸೈಕಲ್ಲಿಗೆ ಜಾಗ ಮಾಡಲು ನನ್ನ ಗಾಡಿಯನ್ನು ಹಿಂದಕ್ಕೆ ಸರಿಸುತ್ತ ಮೆಟ್ಟಿಲ ಅಂಚಿನ ಮೇಲೆ ಕೆಡವಿದರು. ಮುಚ್ಚಳಕ್ಕೆ ಕೂದಲಿನಷ್ಟು ಸಣ್ಣ ಬಿರುಕು ಬಿತ್ತು.

"ಹಳೇದಾಗಿತ್ತು ಬಿಡು" ಅಂದರು.

ಹಳೆಯದಾಗಿದ್ದು ತಾನಾಗಿ ಮೆಟ್ಟಿಲ ಮೇಲೆ ಮಲಗಲು ಹೋಯಿತು ಅನ್ನುವ ಹಾಗೆ! ಕೆಡವಿದ ಕೈಯ ಸುದ್ದಿಯೇ ಇಲ್ಲ.

ನಾಲ್ಕು ದಾರಿ ಕೂಡುವ ನಾಕೆಯ ಹತ್ತಿರದ ಬಾಳು ಮಿಸ್ತ್ರಿ ಬಂದು ಬಗ್ಗಿ ನೋಡಿದ. ಕೇಳಿದ್ದು ನಾನು, ಅವನು ಉತ್ತರ ಕೊಟ್ಟದ್ದು ನಮ್ಮವರಿಗೆ. "ಸಾಹೇಬ, ಇದರ ಕವರ್ ಈಗ ಎಲ್ಲೂ ಸಿಗಂಗಿಲ್ಲ. ಕೊಲ್ಲಾಪುರಕ್ಕ ಒಯ್ದು ವೆಲ್ಡಿಂಗ್ ಮಾಡಿಸ್ಬೇಕು. ಅದೂ ಹಳೇ ಅಲ್ಯುಮಿನಿಯಂ, ಕಾಸಿದ್ರ ಸೊಟ್ಟ ಆಗತೈತಿ. ಮೋಡಕಾಕ್ಕ ಕೊಟ್ಟು ಮೋಕಳೆ ಆಗ್ರಿ."

ಮೋಡಕಾ ಎಂದರೆ ಹಳೇ ಕಬ್ಬಿಣದ ಗುಜರಿ, ಮೋಕಳೆ ಎಂದರೆ ಬಿಡುಗಡೆ. ಕೊಲ್ಲಾಪುರದ ಸುತ್ತ ಎಷ್ಟೊಂದು ಫೌಂಡ್ರಿಗಳಿವೆ. ಹಾಸ್ಟೆಲಿನಿಂದ ಊರಿಗೆ ಬರುವಾಗ ಬಸ್ಸಿನ ಕಿಟಕಿಯಿಂದ ಅವುಗಳ ಹೊಗೆ ನೋಡುತ್ತ ಬೆಳೆದವಳು ನಾನು. ಕರಗಿದ ಕಬ್ಬಿಣವನ್ನು ಅಂಬಲಿಯಂತೆ ಸುರಿದು ಎಂಜಿನ್ನಿನ ದೊಡ್ಡ ದೊಡ್ಡ ಹೊಟ್ಟೆಗಳನ್ನೇ ಎರಕ ಹೊಯ್ಯುವ ಜನಕ್ಕೆ ನನ್ನ ಅಂಗೈಯಗಲದ ಮುಚ್ಚಳ ಭಾರವಾಯಿತೇ?

"ಎಪಾಕ್ಸಿ ಹಚ್ಚಿದ್ರ ನಡೀತೈತೇನ್ರಿ?" ಎಂದೆ.

ಬಾಳು ಮಿಸ್ತ್ರಿ ಆಗ ಮೊದಲ ಸಲ ನನ್ನ ಕಡೆ ನೋಡಿದ. "ವೈನಿ, ಡಿಂಕ ಹಚ್ಚಿ ಗಾಡಿ ಓಡಸ್ತೀರೇನ್ರಿ? ಇದೇನ ಲಗ್ನಪತ್ರಿಕೆ ಪಾಕೀಟ ಐತೇನು?"

ನಮ್ಮವರು ಅವನ ಜೊತೆ ಸೇರಿ ನಕ್ಕರು. ನಕ್ಕು ಮುಗಿದ ಮೇಲೆ ದೊಡ್ಡ ಮನಸ್ಸು ಮಾಡಿದರು. "ಮಂಗಳವಾರ ಸಂಜೀಕ ಮೋಡಕಾದಾಂವ ಬರ್ತಾನ. ಅಷ್ಟರೊಳಗ ಎಣ್ಣಿ ನಿಂದ್ರಸಿ ತೋರ್ಸು, ಗಾಡಿ ನಿಂದು. ಇಲ್ಲಾಂದ್ರ ಕೊಟ್ಟಬಿಡೂಣು. ಮುಂದ ನಾ ಅದೀನಲ್ಲ, ಎಲ್ಲಿ ಬೇಕಂದ್ರ ಅಲ್ಲಿ ಬಿಟ್ಟು ಬರ್ತೇನಿ."

ನನ್ನ ಅಪ್ಪನ ಗಾಡಿಯನ್ನು ನನಗೇ ಪಣಕ್ಕಿಟ್ಟು ಕೊಡುವ ಈ ಉದಾರತನಕ್ಕೆ ಏನೆನ್ನಬೇಕು? ನಾನು "ಥ್ಯಾಂಕ್ಯೂ" ಎಂದೆ. ನಿಜಕ್ಕೂ ಹಾಗೇ ಎಂದೆ. ಬಾಯಿಗೆ ಅದೇ ಬಂತು. ಆ ಸಂಜೆ ಚಪ್ಪಲಿಗಳನ್ನೆಲ್ಲ ಜೋಡಿಸಿದೆ, ನಮ್ಮ ಮನೆಯವೂ ಅಲ್ಲದೆ ಪಕ್ಕದ ಬಾಡಿಗೆಯವರವೂ.

ಗೋಂದಿಗೂ ನನಗೂ ಹಳೆಯ ಪರಿಚಯ. ಕಾನ್ವೆಂಟಿನಲ್ಲಿ ಹೊಲಿಗೆ, ಕರಕುಶಲ ಎರಡನ್ನೂ ಕಲಿಸುತ್ತಿದ್ದವರು ಸಿಸ್ಟರ್ ಫಿಲೋಮಿನಾ. ಕ್ರಿಸ್‌ಮಸ್ಸಿಗೆ ಗೋದಲಿ ಕಟ್ಟುವಾಗ ಪ್ರತಿ ವರ್ಷ ಪೆಟ್ಟಿಗೆಯಿಂದ ಒಂದಾದರೂ ಮಣ್ಣಿನ ಕುರಿ ಕಾಲು ಮುರಿದುಕೊಂಡು ಹೊರಗೆ ಬರುತ್ತಿತ್ತು. ಜೈನರ ಹುಡುಗಿ, ಸಹನೆ ಜಾಸ್ತಿ ಎಂದು ಕುರಿಗಳ ಆಸ್ಪತ್ರೆ ನನ್ನ ಪಾಲಿಗೆ ಬಂದಿತ್ತು. ಎರಡು ಟ್ಯೂಬು, ಎರಡರಿಂದಲೂ ಸಮಸಮ, ಬಣ್ಣ ಒಂದೇ ಆಗುವ ತನಕ ಕಲಸಬೇಕು. ಆದರೆ ಸಿಸ್ಟರ್ ಕಲಸಲು ಬಿಡುತ್ತಲೇ ಇರಲಿಲ್ಲ. ಮೊದಲು ಮುರಿದ ಜಾಗ ಒರೆಸು. ಒರೆಸಿದೆಯಾ? ಇನ್ನೊಮ್ಮೆ ಒರೆಸು. ಈಗ ಬೆರಳು ತೋರಿಸು. ನಿನ್ನ ತಲೆಗೆ ಕೊಬ್ಬರಿ ಎಣ್ಣೆ, ಆ ಕೈ ಕುರಿಗೆ, ಹಾಗಾದರೆ ಕಾಲು ನಿಲ್ಲುವುದಿಲ್ಲ, ಹೋಗಿ ಸೋಪು ಹಚ್ಚಿ ತೊಳೆದು ಬಾ. ಅಂಟಿಸುವ ಕೆಲಸದಲ್ಲಿ ಅಂಟಿಸುವುದು ಕೊನೆಯ ಚೂರು ಮಾತ್ರ, ಉಳಿದದ್ದೆಲ್ಲ ತೊಳೆಯುವುದು ಎಂದು ನಾನು ಕಲಿತದ್ದು ಅಲ್ಲಿ. ಅಪ್ಪನೂ ಎಂಜಿನ್ನಿಗೆ ತೇಪೆ ಹಾಕುತ್ತಿದ್ದರು. ಡೀಸೆಲ್ ಟಾಕಿ ಸೋರಿದರೆ ಬಟ್ಟೆ ಸಾಬೂನು ತಿಕ್ಕುವುದು, ನೀರಿನ ಕೊಳವೆ ಸೋರಿದರೆ ಬೆಲ್ಲ ಸುಣ್ಣ ಮೆತ್ತುವುದು. ಅಪ್ಪನ ತೇಪೆ ಒಂದು ಸುಗ್ಗಿ ತಡೆಯುತ್ತಿತ್ತು. ಸಿಸ್ಟರಿನ ಕುರಿಗಳು ಇನ್ನೂ ನಿಂತಿರಬೇಕು.

ಹಾಗಾಗಿ ಭಾನುವಾರ ಹಾರ್ಡ್‌ವೇರ್ ಅಂಗಡಿಗೆ ಹೋಗಿ ಉಕ್ಕಿನ ಪುಡಿ ಬೆರೆತ ಎಪಾಕ್ಸಿ ಕೊಡಿ ಎಂದೆ. ಅಂಗಡಿಯಾತ ನಲ್ಲಿಯ ಸಂದಿಗೆ ಮೆತ್ತುವ ಬಿಳಿ ಲಾಂಬಿಯ ಪುಡಿಕೆ ಇಟ್ಟ.

"ಇದಲ್ರಿ. ಎಂಜಿನ್ನಿಗೆ ಹಚ್ಚೂದು."

"ಬೇಸಿನ್ ಸೋರತೈತೇನ್ರಿ ವೈನಿ? ಇದ ಆಗತೈತಿ ನೋಡ್ರಿ."

"ಬೇಸಿನ್ ಛಲೋ ಐತ್ರಿ. ಎಂಜಿನ್ ಸೋರತೈತಿ."

"ಸಾಹೇಬ್ರು ಏನ ತಗೊಂಡ ಬಾ ಅಂದಾರ? ಒಂದ ಫೋನ್ ಹಚ್ಚಿ ಕೊಡ್ರಲ್ಲ, ನಾ ಮಾತಾಡ್ತೇನಿ."

ಅವನ ಹಿಂದಿನ ಕಪಾಟಿನಲ್ಲಿ ನನಗೆ ಬೇಕಾದದ್ದು ಕಣ್ಣಿಗೆ ಹೊಡೆಯುವಂತೆ ಕೂತಿತ್ತು. ಬೆರಳು ಮಾಡಿ ತೋರಿಸಿ, "ಅದನ್ನ ಕೊಡ್ರಿ, ಪ್ಲೀಸ್" ಎಂದೆ. ಈ ಪ್ಲೀಸ್ ಎಂಬ ಶಬ್ದ ಇಲ್ಲದಿದ್ದರೆ ನಾನು ಎಷ್ಟೊಂದು ಕಡೆ ಗೆದ್ದು ಬರುತ್ತಿದ್ದೆನೋ ಏನೋ.

ಆ ಮಧ್ಯಾಹ್ನ ಗಾಡಿಯನ್ನು ಗೋಡೆಗೆ ಒರಗಿಸಿ, ಕ್ಲಚ್ಚಿನ ತಂತಿ ಬಿಡಿಸಿ, ಪಾನಾ ಹಾಕಿ ಮುಚ್ಚಳ ಬಿಚ್ಚಿದೆ. ಬಿರುಕಿನ ಎರಡೂ ತುದಿಗೆ ಅದು ಮುಂದೆ ಓಡದಂತೆ ಸಣ್ಣ ತೂತು ಕೊರೆದೆ, ಎಮರಿ ಕಾಗದದಿಂದ ಉಜ್ಜಿದೆ. ಪೆಟ್ರೋಲಿನಿಂದ ತೊಳೆದೆ. ಆದರೆ ಈ ಸ್ಕೂಟರಿನ ಪೆಟ್ರೋಲಿಗೆ ಎಣ್ಣೆ ಬೆರೆಸಿರುತ್ತಾರಲ್ಲ, ಅದರದೂ ಒಂದು ಪೊರೆ ಉಳಿಯುತ್ತದೆ. ಅದಕ್ಕೆ ಕೊನೆಗೆ ಉಗುರಿನ ಬಣ್ಣ ತೆಗೆಯುವ ನೀರಿನಿಂದ ಒರೆಸಿದೆ, ಹತ್ತಿ ಬೆಳ್ಳಗೇ ಉಳಿಯುವ ತನಕ. ಅತ್ತೆಗೆ "ಕೈ ಅಷ್ಟ ಹಚ್ಚಬ್ಯಾಡ್ರಿ" ಎಂದು ಹೇಳಿ, ಕುಕ್ಕರ್ ಬಂದ್ ಮಾಡಿ, ಬಂದು ಗೋಂದು ಹಚ್ಚಿದೆ. ಸೀರೆಯ ಅಂಚು ಮಡಿಚಿ ಹೊಲಿಯುವ ಹಾಗೆ ಬಿರುಕಿನ ಎರಡೂ ಮಗ್ಗುಲಿಗೆ ಅಗಲವಾಗಿ ಹರಡಿದೆ. ಉಳಿದ ಚೂರಿನಿಂದ ಎಂಜಿನ್ನಿನ ಎಣ್ಣೆ ಹೊಯ್ಯುವ ತೂತಿನ ಕೆಳಗೆ ಒಂದು ಪುಟ್ಟ ನಾಲಿಗೆ ಮಾಡಿದೆ, ತುಪ್ಪದ ಗಿಂಡಿಗೆ ಇರುತ್ತದಲ್ಲ, ಹಾಗೆ. ಇಷ್ಟು ವರ್ಷ ಎಣ್ಣೆ ಹೊಯ್ಯುವಾಗಲೆಲ್ಲ ಅರ್ಧ ಹೊರಗೆ ಚೆಲ್ಲುತ್ತಿತ್ತು. ಗಂಡಸರು ಮಾಡಿದ ಯಂತ್ರ, ಸುರಿಯುವುದಕ್ಕೆ ಬಾಯಿ ಇಡಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಸೋಮವಾರ ರಾತ್ರಿ ಎಲ್ಲ ಕೂಡಿಸಿ, ಎಣ್ಣೆ ಹಾಕಿ, ಫರಶಿ ಒರೆಸಿ ಮಲಗಿದೆ.

ಈಗ ಮಂಗಳವಾರ ಬೆಳಿಗ್ಗೆ ಆ ಕಪ್ಪು ರೊಟ್ಟಿ. ನಮ್ಮವರು ಚಹದ ಕಪ್ಪು ಹಿಡಿದು ಬಾಗಿಲಿಗೆ ಬಂದು ಇಣುಕಿದರು. "ಹೇಳಿದ್ನಲ್ಲ" ಎಂದು ಹೇಳಲಿಲ್ಲ. ಹೇಳಿದ್ದರೆ ಒಳ್ಳೆಯದಿತ್ತು.

"ಇರ್ಲಿ ಬಿಡು. ಹೆಂಗಸೂರಿಗೆ ಇಷ್ಟ ಆತಲ್ಲ, ಭಾಳ ಆತು" ಎಂದು ಸಮಾಧಾನ ಮಾಡಿದರು. ಚಹ ಕುಡಿದು ಕೆಲಸಕ್ಕೆ ಹೋದರು. ಹೋಗುವಾಗ ಮೋಡಕಾದವನಿಗೆ ಫೋನು ಮಾಡುತ್ತ ಹೋದದ್ದು ನನಗೆ ಕೇಳಿಸಲಿ ಎಂದೇ ಗಟ್ಟಿಯಾಗಿ ಮಾತಾಡಿದರು.

ಉಕ್ಕಿದ ಹಾಲು ಒರೆಸಿ ಮತ್ತೆ ಮುಚ್ಚಳ ಬಿಚ್ಚಿದೆ. ಉಗುರು ಹಚ್ಚಿದರೆ ಸಾಕು, ಗೋಂದಿನ ತೇಪೆ ಇಡಿಯಾಗಿ, ಒಣಗಿದ ಹಪ್ಪಳದಂತೆ ಕೈಗೆ ಬಂತು. ಇದೇನು ಅನ್ಯಾಯ! ತುಪ್ಪದ ಗಿಂಡಿಯ ನಾಲಿಗೆಯನ್ನು ಹಿಡಿದು ಎಳೆದೆ, ಅದು ಅಲುಗಲಿಲ್ಲ. ಪಾನಾದಿಂದ ಬಡಿದೆ, ಟಣ್ ಎಂದಿತು. ಅದೇ ಗೋಂದು, ಅದೇ ದಿನ, ಅದೇ ಕೈ. ಒಂದು ಎಂಜಿನ್ನಿನ ಮೈಯೇ ಆಗಿಬಿಟ್ಟಿದೆ, ಇನ್ನೊಂದು ಪರದೇಶಿಯಂತೆ ಎದ್ದು ಬಂದಿದೆ. ತೇಪೆಯನ್ನು ಬೆಳಕಿಗೆ ಹಿಡಿದು ತಿರುವಿದೆ. ಅದರ ಹಿಂಭಾಗದಲ್ಲಿ, ಅಚ್ಚು ಒತ್ತಿದ ಹಾಗೆ, ಸುಳಿ ಸುಳಿಯಾದ ಒಂದು ಹೆಬ್ಬೆಟ್ಟು. ಸುಳಿಯ ಗೆರೆಗಳಲ್ಲಿ ಸಣ್ಣಗೆ ಕೆಂಪು.

ಆ ತುಂಡು ಇನ್ನೂ ನನ್ನ ಹತ್ತಿರ ಇದೆ. ಇದನ್ನು ಬರೆಯುವಾಗಲೂ ಎದುರಿಗೆ ಕಿಟಕಿಯ ಮೇಲೆ ಕೂತಿದೆ.

ಅತ್ತೆ ಅಡುಗೆಮನೆಯ ಹೊಸ್ತಿಲ ಹತ್ತಿರ ಕೂತು ಮೆಂತ್ಯದ ಸೊಪ್ಪು ಸೋಸುತ್ತಿದ್ದರು. ನಾನು ತುಂಡನ್ನು ಒಂದು ತಾಟಿನಲ್ಲಿಟ್ಟು ಅವರ ಮುಂದೆ ಇಟ್ಟೆ. ತಾಟಿನಲ್ಲಿ ಯಾಕೆ ಇಟ್ಟೆ ಎಂದು ಕೇಳಬೇಡಿ. ಜಗಳಕ್ಕೂ ತಾಟು ಬೇಕು ನನಗೆ.

"ಅತ್ತಿ, ಇದೇನ್ರಿ?"

"ಏನೈತಿ?"

"ಹೆಬ್ಬಟ್ಟು."

"ಯಾರದು?"

"ನನ್ನದಂತೂ ಇಷ್ಟ ಅಗಲ ಇಲ್ರಿ."

ಅತ್ತೆ ಒಂದು ಎಳೆ ಮೆಂತ್ಯವನ್ನು ಎಷ್ಟು ಹೊತ್ತು ಸೋಸಿದರೆಂದರೆ ಅದರಲ್ಲಿ ಎಲೆಯೇ ಉಳಿಯಲಿಲ್ಲ. "ನೀ ಕುಕ್ಕರ್ ಬಂದ್ ಮಾಡಾಕ ಒಳಗ ಹೋದಿ. ಅದು ಲಕಲಕ ಹೊಳ್ಯಾಕತ್ತಿತ್ತು, ಬೋಳ ಹಣಿ ಇದ್ದಂಗ. ಯಂತ್ರಕ್ಕ ಕೈ ಹಾಕೂ ಮುಂದ ಒಂದ ಬಟ್ಟು ಕುಂಕು ಬ್ಯಾಡೇನವಾ? ಖಂಡೆನವಮಿ ಆಯುಧಪೂಜಿಗೆ ನೀನೂ ಹಚ್ತಿ. ಒಣಾ ಕುಂಕು ನಿಲ್ಲಲಿಲ್ಲ. ಅದಕ ಒಂದ ಹನಿ ಎಣ್ಣಿ..."

"ಎಣ್ಣಿ ಹಚ್ಚಿದ್ರೇನ್ರಿ!"

"ಹಚ್ಚಿದ್ನಿ. ಅಷ್ಟರಾಗ ನೀ ಬರೂ ಸಪ್ಪಳ ಆತು. ಕೈ ಹಚ್ಚಬ್ಯಾಡ್ರಿ ಅಂದಿದ್ದಿ. ಸೆರಗಲೆ ಒರಸಿಬಿಟ್ನಿ. ಒರಸಿದ್ನಲ್ಲ ಮತ್ತ?"

ಹತ್ತಿ ಬೆಳ್ಳಗಾಗುವ ತನಕ ಒರೆಸಿದ ನನ್ನ ಮುಚ್ಚಳಕ್ಕೆ ಎಣ್ಣೆ, ಎಣ್ಣೆಯ ಮೇಲೆ ಸೆರಗು! ಬಾಗಿಲ ಮಬ್ಬು ಬೆಳಕಲ್ಲಿ ಗೀರಿನೊಳಗೆ ಉಳಿದಿದ್ದ ಕೆಂಪು ನನಗೆ ಎಮರಿಯ ಪುಡಿಯಂತೆ ಕಂಡಿರಬೇಕು. ಮಿಸ್ತ್ರಿ ನಕ್ಕದ್ದು, ಅಂಗಡಿಯಾತ ಬೇಸಿನ್ ಅಂದದ್ದು, ನಮ್ಮವರ "ಹೆಂಗಸೂರಿಗೆ ಭಾಳ ಆತು" ಎಲ್ಲ ಒಟ್ಟಿಗೆ ನೆನಪಿಗೆ ಬಂತು. ಇಡೀ ಊರು ನನ್ನ ಕೈಯ ಮೇಲೆ ಹಾಕಿದ ಅಪವಾದದ ಹಿಂದೆ ಇದ್ದದ್ದು ಈ ಒಂದು ಹನಿ. ಈ ಸಲ ಬೈದೇ ಬಿಡಬೇಕೆಂದು ಬಾಯಿ ತೆಗೆದೆ.

"ಅತ್ತಿ, ಪ್ಲೀಸ್!" ಎಂದೆ.

ಅತ್ತೆ ಗಾಬರಿಯಾದರು. ನನ್ನ ಭಾಷೆಯಲ್ಲಿ ಅದು ಎಂಥ ಬೈಗಳು ಎಂದು ಮನೆಯಲ್ಲಿ ತಿಳಿದವರು ಅವರೊಬ್ಬರೇ.

"ಎಣ್ಣಿ ಇದ್ದಲ್ಲೆ ಗೋಂದ ಹಿಡಿಯಂಗಿಲ್ರಿ. ಸಂಜೀಕ ಮೋಡಕಾದಾಂವ ಬರ್ತಾನ."

"ನನಗೇನ ಗೊತ್ತವಾ ಅದು. ನಿನ್ನ ಗಾಡಿ ಉಳೀಲಿ ಅಂತನ ಹಚ್ಚಿದ್ನಿ." ಸೊಪ್ಪಿನ ಬುಟ್ಟಿ ಸರಿಸಿ, ಸೆರಗಿಗೆ ಕೈ ಒರೆಸಿಕೊಂಡರು. "ಅಂವನ ಮೋಟರ್‌ಸೈಕಲ್ ಮ್ಯಾಲ ಕಾಲ ಎತ್ತಿ ಕುಂದ್ರಾಕ ನನಗ ಬರತೈತೇನು? ಅಂವಾ ಬಿಟ್ಟ ಬರ್ತೇನಿ ಅಂತಾನ. ಅಂವಾ ಏಳೂದ್ರಾಗ ಬಸದ್ಯಾಗ ಪೂಜಿ ಮುಗದಿರತೈತಿ. ನಿನ್ನ ಗಾಡಿ ಹೋದ್ರ ನನ್ನ ಬಸದೀನೂ ಹೋತು."

ಇದನ್ನು ನಾನು ಯೋಚಿಸಿರಲಿಲ್ಲ. ಮುಂದೆ ಕೂತು ಗಾಡಿ ಓಡಿಸುವವಳಿಗೆ ಹಿಂದೆ ಕೂತವರ ಮುಖ ಕಾಣುವುದಿಲ್ಲ; ಬೆನ್ನಿಗೆ ಅಕ್ಕಿಯ ಡಬ್ಬಿ ಒತ್ತುವುದಷ್ಟೇ ಗೊತ್ತಾಗುತ್ತದೆ.

"ಹೊತ್ತ ಮುಣಗೂದ್ರಾಗ ಮತ್ತೊಮ್ಮೆ ಹಚ್ಚಾಕ ಆಗತೈತೇನು?" ಎಂದು ಕೇಳಿದರು.

"ಈ ಬಿಸಲಾಗ ಆಗಬಹುದ್ರಿ."

"ಹಂಗಾದ್ರ ಏಳು. ಇವತ್ತ ನಾ ಕಾಯ್ತೇನಿ. ಕಾಗಿ, ಬೆಕ್ಕು, ನನ್ನ ಮಗಾ, ಯಾರನ್ನೂ ಮುಟ್ಟಗೊಡಂಗಿಲ್ಲ."

ಮತ್ತೆ ಎಮರಿ, ಮತ್ತೆ ಉಗುರಿನ ನೀರು. ಈ ಸಲ ಒರೆಸಿದ ಹತ್ತಿಯನ್ನು ಅತ್ತೆ ತಾವೇ ಕನ್ನಡಕ ಹಾಕಿಕೊಂಡು ಬೆಳಕಿಗೆ ಹಿಡಿದು ಪರೀಕ್ಷಿಸಿದರು. "ಇನ್ನೂ ಸ್ವಲ್ಪ ಹಳದಿ ಐತಿ ನೋಡು" ಎಂದು ವಾಪಸು ಕೊಟ್ಟರು. ಸಿಸ್ಟರ್ ಫಿಲೋಮಿನಾ ನಮ್ಮ ಅಡುಗೆಮನೆಗೇ ಬಂದು ಕೂತಂತೆ ಆಯಿತು. ಗೋಂದು ಕಲಸಿ ಹಚ್ಚಿ, ಮುಚ್ಚಳವನ್ನು ಮಾಳಿಗೆಗೆ ಒಯ್ದು, ವರ್ಷದ ಖಾರಕ್ಕೆಂದು ಹರಡಿದ್ದ ಮೆಣಸಿನಕಾಯಿಯ ನಡುವೆ, ಕಾದ ತಗಡಿನ ಮೇಲೆ ಇಟ್ಟೆವು. ಅತ್ತೆ ಕೊಡೆ ಹಿಡಿದು ನೀರಿನ ಟಾಕಿಯ ನೆರಳಲ್ಲಿ ಕೂತರು. ಕೆಳಗಿನಿಂದ ಶೋಭಾ ವೈನಿ, "ಆಜಿ, ಇಷ್ಟ ಬಿಸಲಾಗ ಏನ ಕಾಯಾಕತ್ತೀರಿ, ಮೆಣಸಿನಕಾಯಿ ಕಾಗಿ ತಿಂತಾವೇನ್ರಿ?" ಎಂದು ಕೂಗಿದ್ದಕ್ಕೆ ಅತ್ತೆ, "ತಿಂತಾವವಾ, ಈಗಿನ ಕಾಗಿ ಎಲ್ಲಾ ತಿಂತಾವ" ಎಂದರು.

ಮುಚ್ಚಳದ ಸಂದಿಗೆ ಹಾಕುವ ಕಾಗದದ ಪಟ್ಟಿಯೂ ಹರಿದಿತ್ತು. ದಪ್ಪ ಕಾಗದಕ್ಕೆ ಹುಡುಕಿದಾಗ ಸಿಕ್ಕದ್ದು ಯಾರದೋ ಲಗ್ನಪತ್ರಿಕೆ. ಬಾಳು ಮಿಸ್ತ್ರಿಯ ಮಾತು ನೆನಪಾಗಿ, ಬೇಕೆಂದೇ ಅದನ್ನೇ ಕತ್ತರಿಸಿದೆ. ಬಿಸಿಲು ಇಳಿಯುವ ಹೊತ್ತಿಗೆ ತೇಪೆ ಕಲ್ಲಾಗಿತ್ತು. ಉಗುರು ಹಚ್ಚಿ ನೋಡಿದೆ, ಉಗುರು ಮುರಿಯಿತು. ನಾನು ಇಷ್ಟು ಸಂತೋಷದಿಂದ ಎಂದೂ ಉಗುರು ಮುರಿದುಕೊಂಡಿರಲಿಲ್ಲ.

ಕೂಡಿಸಿದೆ. ಎಣ್ಣೆ ಹೊಯ್ದೆ, ಗಿಂಡಿಯ ನಾಲಿಗೆಯಿಂದಾಗಿ ಒಂದು ಹನಿಯೂ ಚೆಲ್ಲಲಿಲ್ಲ. ಅತ್ತೆ ಹೊತ್ತು ಮುಳುಗುವ ಮುಂಚಿನ ತಮ್ಮ ಊಟವನ್ನು ಅವಸರವಾಗಿ ಮುಗಿಸಿ ಬಂದು, ಡಬ್ಬಿ ಇಲ್ಲದೆಯೇ ಹಿಂದೆ ಕೂತರು. ಎಂಜಿನ್ ಕಾಯಲೆಂದು ಬಸದಿಯ ತನಕ ಹೋಗಿ, ಅಲ್ಲಿಂದ ನಾಕೆಯ ಮೇಲೆ ಬೇಕೆಂದೇ ಬಾಳು ಮಿಸ್ತ್ರಿಯ ಗ್ಯಾರೇಜಿನ ಮುಂದಿನಿಂದ ಬಂದೆ. ಅವನು ಕೈ ಮಾಡಿ ನಿಲ್ಲಿಸಿದ. ಬಗ್ಗಿ ನೋಡಿ, ತೇಪೆಯ ಮೇಲೆ ಬೆರಳಾಡಿಸಿದ.

"ಕೊಲ್ಲಾಪುರದಾಗ ಯಾರ ಕಡೆ ಮಾಡಿಸಿದ್ರಿ ವೈನಿ? ಸಾಹೇಬ್ರು ಹೇಳಲಿಲ್ಲ ನೋಡ್ರಿ ನನಗ."

"ಸಾಹೇಬ್ರಿಗೂ ಗೊತ್ತಿಲ್ರಿ" ಎಂದು ಗೇರು ಹಾಕಿದೆ.

ಮನೆಗೆ ಬಂದು ಗಾಡಿಯನ್ನು ಅದರ ಜಾಗದಲ್ಲಿ ನಿಲ್ಲಿಸಿ, ಕೆಳಗೆ ಹಳೇ ಕ್ಯಾಲೆಂಡರಿನ ಹಾಳೆಯನ್ನು ಬಿಳಿಯ ಮಗ್ಗುಲು ಮೇಲಾಗಿ ಹಾಸಿದೆ. ನಾನು ಮೆಟ್ಟಿಲ ಮೇಲೆ, ಅತ್ತೆ ಕುರ್ಚಿಯ ಮೇಲೆ. ಎದುರು ಕಟ್ಟೆಯ ಮೇಲೆ ಶೋಭಾ ವೈನಿ ಕೊತ್ತಂಬರಿ ಬಿಡಿಸುತ್ತ ಕೂತಿದ್ದರು. ಮೂವರ ಕಣ್ಣೂ ಹಾಳೆಯ ಮೇಲೆ. ಮಗ್ಗಗಳು ಮಾತಾಡುತ್ತಲೇ ಇದ್ದವು. ಒಮ್ಮೆ ಹಾಳೆಯ ಮೇಲೆ ಏನೋ ಕಪ್ಪಗೆ ಕಂಡು ಬಗ್ಗಿ ನೋಡಿದೆ, ಇರುವೆ. ಅದು ನಿಧಾನಕ್ಕೆ ಹಾಳೆ ದಾಟಿ ಹೋಯಿತು.

ನಮ್ಮವರು ಮೋಡಕಾದವನನ್ನು ಕರೆದುಕೊಂಡೇ ಬಂದರು. ಅವನ ಕೈಯಲ್ಲಿ ಹಗ್ಗ ಬೇರೆ. ನಾನು ಹಾಳೆಯ ಕಡೆ ಕೈ ತೋರಿಸಿದೆ. ನಮ್ಮವರು ಬಗ್ಗಿದರು. ಹಾಳೆ ಎಳೆದು ನೋಡಿದರು, ಮುಚ್ಚಳದ ಕೆಳಗೆ ಬೆರಳು ಹಾಕಿ ನೋಡಿದರು, ಆ ಬೆರಳನ್ನು ಮೂಸಿ ನೋಡಿದರು. ಆಮೇಲೆ ನೆಟ್ಟಗೆ ನಿಂತು ಮೋಡಕಾದವನಿಗೆ ಹೇಳಿದರು:

"ಸದ್ಯಕ್ಕ ಬ್ಯಾಡ್ರಿ. ನಾವು ರಿಪೇರಿ ಮಾಡೇವಿ."

ನಾವು! ನಾನು ಒಳಗೆ ಹೋದೆ. ತೊಳೆದ ಪಾತ್ರೆಗಳ ಬುಟ್ಟಿಗೆ ಕೈ ಹಾಕಿದವಳು, ಮನಸ್ಸು ಬದಲಿಸಿ ದೇವರ ಕೋಣೆಯಿಂದ ಕುಂಕುಮದ ಕರಂಡಕವನ್ನೂ ಎಣ್ಣೆಯ ಬಟ್ಟಲನ್ನೂ ತಂದು ಅತ್ತೆಯ ಮುಂದೆ ಹಿಡಿದೆ.

"ಈಗ ಹಚ್ರಿ ಅತ್ತಿ. ಎಷ್ಟ ಬೇಕಂದ್ರ ಅಷ್ಟ."

ಅತ್ತೆ ನನ್ನ ಮುಖ ನೋಡಿದರು, ಬಿಗಿದ ತುಟಿಯೊಳಗೇ ನಕ್ಕರು, ಮೊಣಕಾಲು ಹಿಡಿದುಕೊಂಡು ಬಗ್ಗಿ, ಕಲ್ಲಾಗಿದ್ದ ತೇಪೆಯ ಸರಿಯಾಗಿ ನಡುವೆ ಎಣ್ಣೆ ಒತ್ತಿ ಕುಂಕುಮ ಇಟ್ಟರು. ಬೆಳಗಿನದೇ ಹೆಬ್ಬೆಟ್ಟು, ಅದೇ ಅಗಲ.

ಶೋಭಾ ವೈನಿ ಕೊತ್ತಂಬರಿಯ ಕಡ್ಡಿ ಝಾಡಿಸಿ ಮೇಲೆದ್ದರು. ಒಳಗೆ ಹೋಗುತ್ತ, ನಮ್ಮ ಕಡೆ ತಿರುಗಿ ಕೂಡ ನೋಡದೆ ಅಂದರು:

"ಆಜಿ ಕುಂಕು ಹಚ್ಯಾರಲ್ರಿ ವೈನಿ, ಇನ್ನೆಲ್ಲಿ ಸೋರತೈತಿ ಬಿಡ್ರಿ ಅದು."